ತೀರ್ಥದ ಹೊತ್ತಿಗೆ ಬಾಗಿಲಾಚೆ

ಅರಸೀಕೆರೆ
೨೨-೨-೨೦೦೦, ಮಂಗಳವಾರ

ಪ್ರೀತಿಯ ಮೇಧಿನಿ,

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡಲು ಪೆನ್ನು ಒಪ್ಪುತ್ತಿಲ್ಲ. ನಿಮ್ಮಪ್ಪ ಭಾಷ್ಯಂ ಅಂಕಲ್ ಹಾಸನದ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಾರೆ. ನಾನು ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಕಾಲು ನೀಡಿ ಕೂತು, ಹಲ್ಲು ಬರುತ್ತಿರುವ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು, ತೂಗುತ್ತ ಬರೆಯುತ್ತಿದ್ದೇನೆ. ಅಕ್ಷರ ಕುಣಿದಿದ್ದರೆ ಅದು ಸುಜಾತಳ ಕೆಲಸ. ಕೈ ನಡುಗಿತು ಎಂದುಕೊಳ್ಳಬೇಡ. ನಡುಗುತ್ತಿಲ್ಲ.

ಬೇಲೂರಿನ ನಿಮ್ಮ ಮನೆಗೆ ಫೋನ್ ಮಾಡಿದರೆ ನಿಮ್ಮಣ್ಣ ವಿಜಯಸಾರಥಿ ಎತ್ತುತ್ತಾರೆ. ಒಂದು ಸಲ ‘ರಾಂಗ್ ನಂಬರ್’ ಎಂದರು. ಇನ್ನೊಂದು ಸಲ ‘ಸೋಮವಾರ ಮಾತಾಡೋಣ’ ಎಂದು ಇಟ್ಟರು. ಅದಕ್ಕೇ ಈ ಕಾಗದವನ್ನು ನೀನು ಪಾಠ ಮಾಡುವ ಹಳೇಬೀಡಿನ ಹೈಸ್ಕೂಲಿಗೇ ಕಳಿಸುತ್ತಿದ್ದೇನೆ, ಜಾವಗಲ್ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಹುಚ್ಚಣ್ಣನವರ ಕೈಯಲ್ಲಿ. ನೀನು ರಜೆ ಮುಗಿಸಿ ಶಾಲೆಗೆ ಬರುತ್ತಿದ್ದೀಯ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರಿಪರೇಟರಿ ಪರೀಕ್ಷೆ ನಡೆಸುತ್ತಿದ್ದೀಯ ಎಂದು ಹೇಳಿದವರೂ ಅವರೇ. ಬಸ್ಸಿನವರಿಗೆ ತಿಳಿಯದ ಸುದ್ದಿ ಯಾವುದಿದೆ ಹೇಳು.

ಸೋಮವಾರದ ವಿಷಯ ನಿನಗೆ ಗೊತ್ತೇ ಇದೆ. ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳು. ನಮ್ಮ ನರ್ಸಿಂಗ್ ಹೋಮಿನ ಡಾಕ್ಟರ್ ನಂಜುಂಡಯ್ಯನವರು ತಮ್ಮ ರೂಮಿನಲ್ಲಿ ಒಂದು ಪಂಚಾಯಿತಿ ಇಟ್ಟಿದ್ದಾರೆ. ನಿಮ್ಮಣ್ಣ, ನಿಮ್ಮಮ್ಮ, ನೀನು ಕುರ್ಚಿಗಳಲ್ಲಿ. ನಾನು ನಿಂತುಕೊಂಡು. ‘ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಕೊಡಬಾರದು ಅಂತ ನಿಮಗೆ ಹೇಳೋದು ಮರೆತುಬಿಟ್ಟೆ, ತಪ್ಪಾಯ್ತು’ ಎಂದು ನಾನು ಕೈಮುಗಿಯಬೇಕು. ಮುಗಿದರೆ ನಿಮ್ಮಣ್ಣ ನರ್ಸಿಂಗ್ ಕೌನ್ಸಿಲ್ಲಿಗೆ ದೂರು ಬರೆಯುವುದಿಲ್ಲ. ನನ್ನ ನೋಂದಣಿ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಮುಗಿಯದಿದ್ದರೆ ಎರಡೂ ಹೋಗುತ್ತವೆ. ಸರ್ಕಾರಿ ಸ್ಟಾಫ್ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿರುವವಳು ನಾನು. ನೋಂದಣಿ ಹೋದರೆ ಇದೊಂದು ನರ್ಸಿಂಗ್ ಹೋಮಷ್ಟೇ ಅಲ್ಲ, ಯಾವ ಆಸ್ಪತ್ರೆಯ ಮೆಟ್ಟಿಲೂ ನನಗಿಲ್ಲ.

ನಾನು ಕೈಮುಗಿಯುವುದಿಲ್ಲ. ಇದನ್ನು ನಿನಗೆ ಮುಂಚೆಯೇ ತಿಳಿಸಬೇಕು ಎನಿಸಿತು.

ಡಾಕ್ಟರು ಬೈದು ಹೆದರಿಸಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ಕರುಣೆ ತೋರಿಸಿದರು. “ನೋಡಿ ಸಿಸ್ಟರ್, ನಿಮಗೆ ಎಳೇ ಮಗು. ರಾತ್ರಿ ನಿದ್ದೆ ಇಲ್ಲ. ಬಾಣಂತೀರಿಗೆ ಮರೆವು ಸಹಜ. ಆ ಮನೆಯವರಿಗೂ ಹಾಗೇ ಹೇಳಿದೀನಿ. ಪಾಪ, ಕರಗಿದಾರೆ. ನೀವೂ ಹಾಗೇ ಅಂದ್ಬಿಡಿ, ಮುಗೀತು.” ಆಮೇಲೆ ಸೋಮವಾರದವರೆಗೆ ರಜೆ ತಗೊಳ್ಳಿ, ಮಗು ನೋಡಿಕೊಳ್ಳಿ ಎಂದರು. ಎಷ್ಟು ಮೆತ್ತಗಿನ ಮಾತು ನೋಡು. ನನ್ನ ಮಗುವನ್ನೇ ನನ್ನ ಮೇಲೆ ಸಾಕ್ಷಿಗೆ ಎಳೆದರು.

ನಿದ್ದೆಗೆಟ್ಟವಳಿಗೆ ‘ನೀನು ಮರೆತಿದ್ದೀಯ’ ಎಂದರೆ ಅವಳು ಸುಲಭವಾಗಿ ನಂಬಿಬಿಡುತ್ತಾಳೆ ಕಣೇ. ನಾನೂ ನಂಬಿದೆ. ಬೀಗದ ಕೈಯನ್ನು ಅಕ್ಕಿ ಡಬ್ಬಕ್ಕೆ ಹಾಕಿ ಮನೆಯೆಲ್ಲ ಹುಡುಕಿದವಳು ನಾನು. ಒಲೆ ಮೇಲೆ ಹಾಲಿಟ್ಟು ಅದು ಸೀದ ವಾಸನೆ ಬರುವವರೆಗೆ ಮಗುವಿನ ಹಣೆ ಮುಟ್ಟಿ ಮುಟ್ಟಿ ಜ್ವರ ನೋಡುತ್ತ ಕೂತವಳು ನಾನು. ಸುಜಾತ ಅತ್ತರೆ ಯಾಕೆ ಅಳುತ್ತಾಳೆ ಎಂಬ ಭಯ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂಬ ಭಯ. ಇಂಥವಳು ಅದನ್ನೂ ಮರೆತಿರಬಹುದಲ್ಲವೇ? ಕೆಲವು ದಿನ ಹೀಗೇ ಒದ್ದಾಡಿದೆ. ಆಮೇಲೆ ನಿನ್ನ ಅಪ್ಪನ ಕಾಫಿ ನೆನಪಾಯಿತು.

ನಿನಗೂ ನೆನಪಿರಬೇಕು. ಆಪರೇಷನ್ನಿನ ಹಿಂದಿನ ಸಂಜೆ ಮಂಚದ ತಲೆಯ ಕಡೆ ‘ಬಾಯಿಗೆ ಏನೂ ಇಲ್ಲ’ ಎಂಬ ಬೋರ್ಡು ತೂಗುಹಾಕಿ ನಿಮಗೆಲ್ಲ ಹೇಳಿದೆ: “ಇನ್ನು ಬಾಯಿಗೆ ಏನೂ ಬೇಡ. ನೀರೂ ಬೇಡ. ಹೊಟ್ಟೇಲಿ ಏನಾದರೂ ಇದ್ದರೆ ಮತ್ತಿನ ಇಂಜೆಕ್ಷನ್ ಕೊಟ್ಟಾಗ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಕಾಫಿ ಅಂತೂ ಬೇಡವೇ ಬೇಡ.” ಆಗ ನಿಮ್ಮಪ್ಪ, “ಕಾಫಿ ಇಲ್ಲದೆ ಬೆಳಗು ಮಾಡೋದಾದರೆ ಆಪರೇಷನ್ ಯಾಕಮ್ಮ, ಹಾಗೇ ಪ್ರಾಣ ಹೋಗುತ್ತಲ್ಲ” ಎಂದರು. ನಿಮ್ಮಮ್ಮ ರಂಗನಾಯಕಿಯವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನೀನು, “ಅಪ್ಪಾ, ಮಾಲಿನಿ ಎದುರಿಗೆ ನಿಮ್ಮ ನಾಟಕ ನಡೆಯಲ್ಲ, ಇವಳು ಕೆಮಿಸ್ಟ್ರಿ ಲ್ಯಾಬಲ್ಲೂ ಹೀಗೇ ಇದ್ದಳು” ಎಂದೆ. ನಾನು ಹೇಳದೇ ಇದ್ದ ಮಾತಿಗೆ ಅವರು ಹೇಗೆ ಹಾಸ್ಯ ಮಾಡಿದರು, ನೀವೆಲ್ಲ ಹೇಗೆ ನಕ್ಕಿರಿ?

ಅಂದಿನಿಂದ ನನ್ನ ನೆನಪನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಈಗ ಬಾಗಿಲ ವಿಷಯಕ್ಕೆ ಬರುತ್ತೇನೆ. ಡಾಕ್ಟರ ಪಂಚಾಯಿತಿಯಲ್ಲಿ ಯಾರೂ ಎತ್ತದ ವಿಷಯ ಅದು.

ಅಪ್ಪನ ಹರ್ನಿಯಾಕ್ಕೆ ಹಾಸನ ಯಾಕೆ, ನಮ್ಮ ಮಾಲಿನಿ ಇದ್ದಾಳಲ್ಲ ಎಂದು ನೀನೇ ಅವರನ್ನು ಅರಸೀಕೆರೆಗೆ ಕರೆತಂದೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಹೊಸ ಬೆಡ್‌ಶೀಟ್ ಹುಡುಕಿ ಹಾಸಿದೆ. ನೀವು ಬಂದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ಸಿಸ್ಟರ್, ದೇವಸ್ಥಾನದ ಜನ. ಡ್ರಿಪ್ಪು, ಇಂಜೆಕ್ಷನ್ನು, ಎನಿಮಾ ಎಲ್ಲ ನೀವೇ ನೋಡಿಕೊಳ್ಳಿ. ಬಾಯಿಗೆ ಕೊಡೋದು ಮಾತ್ರ ನಮ್ಮ ಸಾವಿತ್ರಮ್ಮ ಕೊಡಲಿ. ಪೂಜೆ, ತೀರ್ಥ ಅಂತ ಇದ್ದಾಗ ಸ್ವಲ್ಪ ಆಚೆ ನಿಂತ್ಕೊಳ್ಳಿ. ಅಡ್ಜಸ್ಟ್ ಮಾಡ್ಕೊಳ್ಳಿ.”

ನಿಮಗಾಗಿ ಹುಟ್ಟಿದ ನಿಯಮವಲ್ಲ ಅದು. ನಾನು ಸೇರುವ ಮುಂಚಿನಿಂದಲೂ ಅಲ್ಲಿ ಇತ್ತು. ಎಲ್ಲೂ ಬರೆದು ಹಾಕಿಲ್ಲ, ಆದರೆ ಸುಣ್ಣದ ಗೋಡೆಯಷ್ಟೇ ಗಟ್ಟಿ. ನಿಮ್ಮವರಿಗೆ ಮಾತ್ರವಲ್ಲ, ಸುತ್ತಿನ ಹಳ್ಳಿಯ ಯಜಮಾನರಿಗೂ ಅದು ಅನುಕೂಲವಾಗಿತ್ತು. ಸಾವಿತ್ರಮ್ಮ ಒಳ್ಳೆಯ ಹೆಂಗಸು. ವಾರ್ಡು ಗುಡಿಸುವ ಆಯಾ. ಯಾವ ಮಾತ್ರೆ ಯಾವುದಕ್ಕೆ ಎಂದು ಅವಳಿಗೆ ಗೊತ್ತಿಲ್ಲ. ಅವಳ ಕೈಗೆ ಮಾತ್ರೆ ಕೊಟ್ಟು ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಸೂಜಿ ಚುಚ್ಚುವಾಗ ಅಡ್ಡಿಯಿಲ್ಲ, ಎನಿಮಾ ಕೊಡುವಾಗ ಅಡ್ಡಿಯಿಲ್ಲ, ಒಂದು ಲೋಟ ನೀರು ಹಿಡಿದಾಗ ಮಾತ್ರ ನನ್ನ ಕೈಗೆ ಜಾತಿ ಬರುತ್ತದೆ.

ಆ ಬೆಳಿಗ್ಗೆ ನಿಮ್ಮಣ್ಣ ಮೊದಲ ಬಸ್ಸಿಗೇ ಬೇಲೂರಿನಿಂದ ಬಂದರು. ನಿಮ್ಮಪ್ಪನ ಹೆಸರಿನಲ್ಲಿ ದೇವರಿಗೆ ತಿರುಮಂಜನದ ಅಭಿಷೇಕ ಮಾಡಿಸಿ, ಒದ್ದೆ ಬಟ್ಟೆ ಸುತ್ತಿದ ಬೆಳ್ಳಿ ಪಾತ್ರೆ ತಂದಿದ್ದರು. ನಾನು ಬಿ.ಪಿ. ನೋಡಿ ಪಟ್ಟಿ ಬಿಚ್ಚುತ್ತಿದ್ದೆ. ಆಗ ಯಾರು ಮಾತಾಡಿದರು? ನಿಮ್ಮಮ್ಮನಲ್ಲ. ನಿಮ್ಮಣ್ಣನೂ ಅಲ್ಲ. ಇದನ್ನು ಬರೆಯದೆ ಬಿಡೋಣವೆಂದು ಪೆನ್ನು ಕೆಳಗಿಟ್ಟು ಮಗುವಿನ ಬಟ್ಟೆ ಒಗೆದು ಹಾಕಿ ಬಂದೆ. ಬಿಡಲಾಗಲಿಲ್ಲ. ಮಾತಾಡಿದವಳು ನೀನು. “ಮಾಲಿನಿ, ಒಂದ್ನಿಮಿಷ ಆಚೆ ಇರ್ತೀಯಾ?”

ಪ್ರಶ್ನೆಯ ಹಾಗೇ ಕೇಳಿದೆ. ನಾನು ಇಲ್ಲ ಅನ್ನಬಹುದಿತ್ತು ಎನ್ನುವ ಹಾಗೆ.

ಇಲ್ಲಿನ ಕಾಲೇಜಿನಲ್ಲಿ, ಬೆಲ್ ಹೊಡೆಯುವ ಮುಂಚೆಯೇ ನನ್ನ ಡಬ್ಬಿ ಬಿಚ್ಚಿ ಹುಚ್ಚೆಳ್ಳು ಚಟ್ನಿಯನ್ನು ಬೆರಳಲ್ಲಿ ಬಳಿದು ನೆಕ್ಕಿದವಳು ನೀನು. “ನಮ್ಮನೇಲಿ ಹೇಳ್ಬೇಡ ಕಣೇ, ಗೊತ್ತಾದ್ರೆ ಗಂಟಲಿಗೆ ಪಂಚಗವ್ಯ ಹುಯ್ತಾರೆ” ಎಂದು ನಗುತ್ತ ರೊಟ್ಟಿಯನ್ನೂ ಮುಗಿಸಿದವಳು. ನಮ್ಮಮ್ಮ ನಿನಗೆಂದೇ ಒಂದು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದಳು; ಅದು ನಿನಗೆ ಗೊತ್ತಿಲ್ಲ. ಬೇರೆ ಯಾರು ಆಚೆ ಹೋಗು ಎಂದಿದ್ದರೂ ನಾನು ‘ಒಂದು ಮಾತು ಅಮ್ಮಾ, ಬಾಯಿಗೆ ಮಾತ್ರ ಬೇಡ’ ಎಂದು ಇನ್ನೊಮ್ಮೆ ಹೇಳಿ ಹೋಗುತ್ತಿದ್ದೆನೇನೋ. ನೀನು ಅಂದದ್ದಕ್ಕೆ ಅದನ್ನೂ ಹೇಳದೆ ಬಿ.ಪಿ. ಪಟ್ಟಿ ಸುತ್ತಿಕೊಂಡೆ. ಹೊರಗೆ ಬಂದು ನಿಂತೆ.

ತಲೆಗೆ ಪ್ರೋಕ್ಷಣೆ ಮಾಡುತ್ತಾರೆ, ಅಷ್ಟೇ ಎಂದುಕೊಂಡೆ. ಏನೇ ಆದರೂ ಒಳಗೆ ನೀನಿದ್ದೀಯ, ಬಿ.ಎಸ್ಸಿ. ಓದಿದವಳು, ಮಕ್ಕಳಿಗೆ ಜಠರದ ಚಿತ್ರ ಬರೆದು ತೋರಿಸುವವಳು ಎಂದುಕೊಂಡೆ. ಒಳಗೆ ಮಂತ್ರ ಕೇಳಿಸಿತು, ಆಮೇಲೆ ಗುಸುಗುಸು, ಬಟ್ಟಲಿನ ಸದ್ದು. ಒಳಗೆ ಬಂದಾಗ ಖಾಲಿ ಬಟ್ಟಲು ನಿನ್ನ ಕೈಯಲ್ಲಿತ್ತು.

ನಾನು ಕೇಳಿದೆ, “ಅಮ್ಮಾ, ಬಾಯಿಗೆ ಏನಾದರೂ ಕೊಟ್ಟಿರಾ?” “ಏನೂ ಇಲ್ಲಮ್ಮ, ರಾತ್ರಿಯಿಂದ ಉಪವಾಸ ಇದ್ದಾರೆ ಪಾಪ” ಎಂದರು. ನಿಮ್ಮಮ್ಮ ಸುಳ್ಳು ಹೇಳಲಿಲ್ಲ ಎಂದು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ. ಏಕಾದಶಿಯ ಉಪವಾಸಕ್ಕೇ ತೀರ್ಥದಿಂದ ಭಂಗವಿಲ್ಲ ಎಂದು ಬಾಳಿದವರು ಅವರು. ಅಭಿಷೇಕದ ಪಂಚಾಮೃತವೂ ಅವತ್ತು ಅವರಿಗೆ ತೀರ್ಥವೇ ಆಯಿತು, ಊಟವಾಗಲಿಲ್ಲ. ಡಾಕ್ಟರು ಹೇಳಿದ ಉಪವಾಸ ದೇವರ ಉಪವಾಸಕ್ಕಿಂತ ಬಿಗಿಯಾದದ್ದು ಎಂದು ಅವರಿಗೆ ಯಾರು ಹೇಳಬೇಕಿತ್ತು? ನಿನಗೆ ಮಾತ್ರ ಎರಡೂ ಉಪವಾಸ ಗೊತ್ತಿತ್ತು. ನೀನು ಮಂಚದ ಆ ಕಡೆ ಕಿಟಕಿ ನೋಡುತ್ತ ನಿಂತಿದ್ದೆ.

ಅರಿವಳಿಕೆ ಕೊಡುವ ಡಾಕ್ಟರು ಹಾಸನದಿಂದ ಬರುವವರು. ಥಿಯೇಟರಿನಲ್ಲಿ ನನ್ನನ್ನೇ ಕೇಳಿದರು, “ಸಿಸ್ಟರ್, ಹೊಟ್ಟೆ ಖಾಲಿ ತಾನೇ?” “ಖಾಲಿ ಸರ್” ಎಂದೆ. ನನ್ನ ಬಾಯಿಂದಲೇ ಆ ಮಾತು ಹೊರಟಿತು. ಈಗಲೂ ಸುಜಾತಳನ್ನು ತೂಗುವಾಗ ಅದು ಕಿವಿಯಲ್ಲಿ ಕೇಳುತ್ತದೆ.

ಮುಂದೆ ಆದದ್ದನ್ನು ನೀವು ಹೊರಗೆ ಕೂತಿದ್ದರಿಂದ ನೋಡಲಿಲ್ಲ. ಅರಿವಳಿಕೆಯ ಮತ್ತು ಹತ್ತುತ್ತಿದ್ದಂತೆ ವಾಂತಿಯಾಯಿತು. ಒಳಗಿದ್ದದ್ದು ಶ್ವಾಸಕೋಶಕ್ಕೆ ಇಳಿಯಿತು. ಮುಖ ನೀಲಿಯಾಯಿತು. ಅವರ ತಲೆಯನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಯೊಳಗೆ ಕೈಹಾಕಿ ತೆಗೆದವಳು ನಾನು. ಬಾಳೆಹಣ್ಣಿನ ಚೂರು ಬಂತು, ದ್ರಾಕ್ಷಿ ಬಂತು, ಕೊನೆಗೆ ಒಂದು ತುಳಸಿ ಎಲೆ ನನ್ನ ಬೆರಳಿಗೆ ಅಂಟಿಕೊಂಡು ಬಂತು. ಆಗ ಆಚೆ ನಿಂತ್ಕೊಳ್ಳಿ ಸಿಸ್ಟರ್ ಎಂದು ಯಾರೂ ಹೇಳಲಿಲ್ಲ ಕಣೇ. ಹಾಸನದವರೆಗೆ ಆಂಬುಲೆನ್ಸಿನಲ್ಲಿ ಉಸಿರಿನ ಚೀಲ ಒತ್ತುತ್ತ ಕೂತೆ. ಮಗುವಿಗೆ ಹಾಲು ಕೊಡುವ ಹೊತ್ತು ಮೀರಿ ರವಿಕೆಯೆಲ್ಲ ತೊಯ್ದು ಯೂನಿಫಾರ್ಮಿನ ಮೇಲೆ ಬಂದಿತ್ತು. ಆಂಬುಲೆನ್ಸಿನಲ್ಲಿ ನಿಮ್ಮಣ್ಣ ಎದುರಿಗೇ ಇದ್ದರು. ನೋಡಲಾರದೆ ಮುಖ ತಿರುಗಿಸಿದರು. ಪಾಪ, ಒಳ್ಳೆಯತನದಿಂದಲೇ ಇರಬೇಕು.

ಆ ತುಳಸಿ ಎಲೆಯನ್ನು ನಂಜುಂಡಯ್ಯನವರೂ ನೋಡಿದರು. ಸಂಜೆ ಕರೆದು, “ತುಳಸಿ ವಿಷಯ ಎಲ್ಲೂ ಆಡಬೇಡಿ ಸಿಸ್ಟರ್. ಜನರ ಭಾವನೆ ಇರುತ್ತೆ. ಬೇಲೂರಿಂದ ನಾಳೆ ಯಾರೂ ಬರಲ್ಲ” ಎಂದರು. ಜನರ ಭಾವನೆ ಎಂದಾಗ ಆ ಜನರಲ್ಲಿ ನಾನಿರುವುದಿಲ್ಲ ಎಂಬುದು ನನಗೆ ಅವತ್ತು ಚೆನ್ನಾಗಿ ತಿಳಿಯಿತು.

ಯೋಚಿಸಿ ನೋಡು. ಬಾಯಿಗೆ ಏನೂ ಹೋಗದ ಹಾಗೆ ಕಾಯಬೇಕಾದವಳು ಆ ರೂಮಿನಲ್ಲಿ ಒಬ್ಬಳೇ ಇದ್ದಳು. ಬ್ಯಾಂಕಿನ ಕಾವಲಿನವನನ್ನು ತಿಜೋರಿ ತೆಗೆಯುವಾಗ ಟೀಗೆ ಕಳಿಸಿದ ಹಾಗೆ, ಬಾಯಿ ತೆರೆಯುವ ಹೊತ್ತಿಗೇ ಅವಳನ್ನು ಆಚೆ ಕಳಿಸಿದಿರಿ. ಈಗ ಅವಳೇ ಸರಿಯಾಗಿ ಕಾಯಲಿಲ್ಲ ಎನ್ನುತ್ತೀರಿ.

ಸುಜಾತ ಎದ್ದಳು. ಹಾಲು ಕೊಟ್ಟು, ತಟ್ಟಿ, ಮತ್ತೆ ಕೂತಿದ್ದೇನೆ.

ನಮ್ಮ ಮನೆಯಲ್ಲೂ ಪಂಚಾಯಿತಿ ನಡೆಯುತ್ತಿದೆ. ಸಾವಿತ್ರಮ್ಮ ಮಗು ನೋಡುವ ನೆಪದಲ್ಲಿ ಬಂದು, “ತಪ್ಪಾಯ್ತು ಅಂದ್ಬುಡಿ ಸಿಸ್ಟರೇ, ನಾಲ್ಗೆಗೇನ್ ಮೂಳೆ ಐತಾ ಮುರಿಯಾಕೆ” ಎಂದು ಉಪದೇಶ ಮಾಡಿ ಹೋದಳು. ಅವಳು ಹೋದ ಮೇಲೆ ನಮ್ಮತ್ತೆ ಚಲುವಮ್ಮ ಶುರು ಮಾಡಿದರು. “ಕೂಸಿಗೆ ಹಾಲು ಕೊಡೋವಾಗ ಸಿಟ್ ಮಾಡ್ಕಬ್ಯಾಡ ಕಣವ್ವ, ಹಾಲು ಕಹಿ ಆಯ್ತದೆ.” ನಾನು, “ಆಗಲಿ ಬಿಡತ್ತೆ, ಹೆಣ್ಣುಮಗು, ಈಗಲೇ ರುಚಿ ಗೊತ್ತಾಗಲಿ” ಎಂದೆ. ನಕ್ಕರು. ನಗು ನಿಂತ ಮೇಲೆ ಅವರು ಕೆಲಸದ ಮಾತೇ ಎತ್ತಲಿಲ್ಲ. “ನಾವು ಕಂಡೋರ ಬಾಗಿಲಾಚೆ ನಿಂತೂ ನಿಂತೂ ಮಂಡಿ ಸವೆಸ್ಕಂಡೋ. ಗದ್ದೆ ಮಾರಿ ನನ್ ಸೊಸೆ ಓದವ್ಳೆ, ಬಿಳೀ ಬಟ್ಟೆ ಉಡ್ತಾಳೆ ಅಂದ್ಕಂಡಿದ್ದೆ. ನೀನೂ ಹೋಗಿ ನಿಂತ್ಕಂಡೆ ಅಂತ ಕೇಳ್ದೇಟ್ಗೆ ಹೊಟ್ಟೆ ಉರೀತು ಕಣವ್ವ” ಎಂದರು. ಮೇಧಿನಿ, ಡಾಕ್ಟರ ಮಾತಿಗೂ ನಿಮ್ಮಣ್ಣನ ಬೆದರಿಕೆಗೂ ಬಗ್ಗದವಳು ಆ ಮಾತಿಗೆ ತಲೆ ತಗ್ಗಿಸಿದೆ.

ಮಾವ ಶಿವಯ್ಯ ಮೇಷ್ಟ್ರು ಮೊಮ್ಮಗಳಿಗೆ ಹೆಸರಿಟ್ಟವರು. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು. ಅವರು ನನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಗೋಡೆಗೆ ತೂಗುಹಾಕಿದ್ದಾರೆ. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ನನ್ನ ಗಂಡ ದೇವರಾಜ್ ನಿನಗೆ ಗೊತ್ತಲ್ಲ, ಮಾತಿಗೂ ಚಿಲ್ಲರೆ ಎಣಿಸುವ ಮನುಷ್ಯ. “ಕ್ಷಮೆ ಕೇಳೋದಾದರೆ ಕೇಳು, ಬಿಡೋದಾದರೆ ಬಿಡು. ಕೇಳಿ ಬಂದು ಮನೇಲಿ ಅಳಬೇಡ, ಅಷ್ಟೇ” ಎಂದರು. ನಾನು ಅತ್ತೇ ಅಳುತ್ತೇನೆ ಎಂದು ಅವರಿಗೆ ಗೊತ್ತು. ಅದಕ್ಕೇ ನಾನು ಕ್ಷಮೆ ಕೇಳುವುದಿಲ್ಲ.

ಇನ್ನೊಂದು ಹೇಳಬೇಕು, ನೀನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಡಾಕ್ಟರು ರಜೆ ಕೊಡುವುದಕ್ಕೆ ಮುಂಚೆ ಗೆಂಡೆಹಳ್ಳಿ ಕಡೆಯ ಒಬ್ಬ ಅಜ್ಜಿ ಸೇರಿದ್ದರು. ಮಗ ದೇವೀರಪ್ಪ, ದೊಡ್ಡ ಮೀಸೆ, ಮಂಚದ ಪಕ್ಕವೇ ಕಾವಲು. ನಾನು ಮಾತ್ರೆಯನ್ನೂ ನೀರನ್ನೂ ನನ್ನ ಕೈಯಲ್ಲೇ ತೆಗೆದುಕೊಂಡು ಹೋದೆ. ಸಾವಿತ್ರಮ್ಮನನ್ನು ಕರೆಯಲಿಲ್ಲ. ಆತ ಲೋಟ ನೋಡಿ, ನನ್ನನ್ನು ನೋಡಿ, “ತಾವು ಯಾರ ಪೈಕಿ ಸಿಸ್ಟರೇ?” ಎಂದ. “ನರ್ಸ್ ಪೈಕಿ ಯಜಮಾನ್ರೇ. ಮಾತ್ರೆ ನೀವು ನುಂಗಿಸ್ತೀರೋ, ನಾನು ನುಂಗಿಸ್ಲೋ?” ಎಂದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, “ಏ ಥೂ ನಿನ್ ಮಕಕ್ಕೆ, ಗಂಟ್ಲು ಒಣಗ್ತಾ ಐತೆ, ಪಂಚಾತಿ ಮಾಡ್ತಾನೆ. ಕೊಡು ತಾಯಿ ಇತ್ಲಾಗೆ” ಎಂದು ಲೋಟ ಕಿತ್ತುಕೊಂಡು ಗಟಗಟ ಕುಡಿದರು. ದೇವೀರಪ್ಪನ ಮೀಸೆ ಒಂದು ಕಡೆ ಇಳಿದುಹೋಯಿತು. ಎಲ್ಲರೂ ಆ ಅಜ್ಜಿಯ ಹಾಗಿರುವುದಿಲ್ಲ, ನನಗೆ ಗೊತ್ತು. ಮುಂದಿನವರು ಲೋಟ ತಳ್ಳಬಹುದು. ತಳ್ಳಲಿ. ನೀರು ಚೆಲ್ಲಿದರೆ ಒರೆಸುತ್ತೇನೆ. ಆದರೆ ಆಚೆ ನಿಲ್ಲುವುದಿಲ್ಲ.

ಸೋಮವಾರ ನಾನು ಯೂನಿಫಾರ್ಮ್ ಹಾಕಿಕೊಂಡೇ ಬರುತ್ತೇನೆ. ಸುಜಾತಳನ್ನೂ ಕರೆತರುತ್ತೇನೆ, ಬಾಣಂತಿ ಮರೆವಿಗೆ ಕಾರಣವಾದವಳನ್ನು ಎಲ್ಲರೂ ನೋಡಲಿ. ಹೇಳಿದ್ದೆ ಎಂದು ಹೇಳುತ್ತೇನೆ, ಕಾಫಿಯ ಮಾತನ್ನೂ ಹೇಳುತ್ತೇನೆ. ತುಳಸಿ ಎಲೆಯನ್ನೂ ಹೇಳುತ್ತೇನೆ. ಆ ಬಾಗಿಲ ನಿಯಮ ಯಾರದ್ದು ಎಂದು ಡಾಕ್ಟರನ್ನೇ ಕೇಳುತ್ತೇನೆ. ನನ್ನ ತಪ್ಪು ಒಂದಿದೆ, ಅದನ್ನೂ ಮುಚ್ಚಿಡುವುದಿಲ್ಲ: ಆಚೆ ಹೋಗು ಎಂದಾಗ ಹೋದದ್ದು. ರೋಗಿಯನ್ನು ಬಿಟ್ಟು ಹೋಗಬಾರದಿತ್ತು. ಅದಕ್ಕೆ ಕ್ಷಮೆ ಕೇಳಬೇಕಾದ್ದು ನಿಮ್ಮಪ್ಪನ ಹತ್ತಿರ, ಡಾಕ್ಟರ ರೂಮಿನಲ್ಲಲ್ಲ. ಬೇರೆ ಯಾರಿಗೂ ನಾನು ಸಾಲಗಾರಳಲ್ಲ.

ನಿನ್ನ ಹೆಸರನ್ನು ಮಾತ್ರ ನಾನು ಎತ್ತುವುದಿಲ್ಲ. ಆಚೆ ಕಳಿಸಿದವರು ಯಾರು, ಬಟ್ಟಲು ಯಾರ ಕೈಯಲ್ಲಿತ್ತು ಎಂದು ಡಾಕ್ಟರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಅದು ನೀನು ಹೇಳಬೇಕಾದ ಮಾತು. ನನ್ನ ಮಾತನ್ನು ನಿದ್ದೆಗೆಟ್ಟವಳ ಮಾತು ಎಂದು ತಳ್ಳಿಹಾಕುತ್ತಾರೆ. ನಿನ್ನದನ್ನು ತಳ್ಳಿಹಾಕಲು ಆಗುವುದಿಲ್ಲ. ನೀನು ಆ ಕುರ್ಚಿಯಲ್ಲಿ ಕೂತು ಮತ್ತೆ ಕಿಟಕಿ ನೋಡಿದರೆ ನನ್ನ ನೋಂದಣಿ ಹೋಗುತ್ತದೆ. ಹೋಗಲಿ. ನಾನು ಬಾಣಾವರದ ಸಂತೆಯಲ್ಲಿ ಸೊಪ್ಪು ಮಾರಿಯಾದರೂ ಮಗಳನ್ನು ಸಾಕುತ್ತೇನೆ. ಆದರೆ ಮಕ್ಕಳಿಗೆ ಜಠರದ ಪಾಠ ಮಾಡುವಾಗ ಬೋರ್ಡಿನ ಮೇಲೆ ನಿನ್ನ ಕೈ ಹೇಗೆ ಓಡುತ್ತದೆ, ಅದು ನಿನಗೆ ಬಿಟ್ಟದ್ದು.

ಹಾಲು ಕುಡಿದ ಮಗಳು ನಿದ್ದೆಹೋದಳು. ನಾನೂ ಒಂದು ಗಳಿಗೆ ಕಣ್ಣು ಮುಚ್ಚಲು ನೋಡುತ್ತೇನೆ.

ಇಷ್ಟಾದರೂ ನಿನ್ನವಳೇ,
ಮಾಲಿನಿ ದೇವರಾಜ್
ಸ್ಟಾಫ್ ನರ್ಸ್, ಸೋಮವಾರದವರೆಗಂತೂ

ತಾ.ಕ. (ಬುಧವಾರ)

ಹುಚ್ಚಣ್ಣನವರಿಗೆ ಕೊಡುವ ಮುಂಚೆ ಕವರು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಕ್ಷಮೆ ಕೇಳಬೇಕಾದ್ದು ನಿಮ್ಮಪ್ಪನ ಹತ್ತಿರ ಎಂದು ಬರೆದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಬೆಳಿಗ್ಗೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹಾಸನಕ್ಕೆ ಹೋಗಿಬಂದೆ. ನಿಮ್ಮಮ್ಮ ಸ್ನಾನಕ್ಕೆಂದು ನೆಂಟರ ಮನೆಗೆ ಹೋಗಿದ್ದರು. ಭಾಷ್ಯಂ ಅಂಕಲ್ ದಿಂಬಿಗೆ ಒರಗಿ ಕೂತಿದ್ದರು. ಕೇರಳದ ಒಬ್ಬ ಸಿಸ್ಟರು ಚಮಚದಲ್ಲಿ ನೀರು ಕುಡಿಸುತ್ತಿದ್ದಳು, ಕೊರಳಲ್ಲಿ ಶಿಲುಬೆ. ಅಲ್ಲಿ ಯಾರೂ ಆಚೆ ನಿಂತಿರಲಿಲ್ಲ.

ನಾನು ಆಚೆ ಹೋದದ್ದು ತಪ್ಪಾಯಿತು ಎಂದೆ. ಅವರು ಕೈಯಾಡಿಸಿದರು. ಗಂಟಲು ಇನ್ನೂ ಕಟ್ಟಿದೆ. “ಮೇಧಿನಿ ಬೇಡ ಅಂದ್ಲಮ್ಮ. ‘ಮಾಲಿನಿ ಹೇಳಿದಾಳೆ, ಬೇಡ ಅಪ್ಪಾ’ ಅಂತ ಬಟ್ಟಲು ಹಿಡ್ಕೊಂಡೇ ಇದ್ಲು. ನಾನೇ ಕಿತ್ಕೊಂಡು ತಗೊಂಡೆ. ಪೆರುಮಾಳ್ ಪ್ರಸಾದ, ಅದೇನು ಮಾಡುತ್ತೆ ಅಂದೆ. ಅದಿಲ್ಲದೆ ಮೇಜು ಹತ್ತೋಕೆ ಭಯ ಆಯ್ತಮ್ಮ” ಎಂದರು. ಇದನ್ನೇ ನಿಮ್ಮಣ್ಣನಿಗೂ ಹೇಳಿದರಂತೆ. “ಅಪ್ಪಾ, ನೀವು ಮಾತಾಡಬಾರದು ಅಂತ ಡಾಕ್ಟರ್ ಹೇಳಿದಾರೆ” ಎಂದರಂತೆ ಅವರು. “ಸೋಮವಾರ ನಾನೇ ಬರ್ತೀನಿ, ಒಂದು ಕಾರು ಮಾಡು” ಎಂದು ಕಾಲು ಇಳಿಸಿದರು. “ಅಂಕಲ್, ಈ ಸಲವಾದರೂ ನರ್ಸು ಹೇಳಿದ ಮಾತು ಕೇಳಿ. ಮಂಚ ಬಿಟ್ಟು ಇಳೀಬೇಡಿ” ಎಂದೆ. ನಕ್ಕರು. ನಕ್ಕು ಕೆಮ್ಮು ಬಂತು, ಬೆನ್ನು ನೀವಿದೆ.

ಅವರು ಬರಲಾರರು. ಉಳಿದವಳು ನೀನೇ.

ಮೇಲೆ ಬರೆದದ್ದನ್ನು ಹರಿದು ಹೊಸದಾಗಿ ಬರೆಯೋಣ ಎನಿಸಿತು. ಹರಿಯುವುದಿಲ್ಲ. ಆ ಕೋಪವೂ ನನ್ನದೇ, ನಿನಗೆ ತಲುಪಲಿ. ನೀನು ಬೇಡ ಎಂದೆಯಂತೆ. ನಿನ್ನ ಮಾತನ್ನು ಅವರು ಕೇಳಲಿಲ್ಲವಂತೆ. ನಾನು ಬಾಗಿಲಾಚೆಯೇ ಇದ್ದೆನಲ್ಲೇ, ಮೇಧಿನಿ. ಚಿಲಕ ಕೂಡ ಹಾಕಿರಲಿಲ್ಲ. ಮಾಲಿನೀ ಎಂದು ಒಂದು ಸಲ ಕೂಗಬಾರದಿತ್ತೇ?

ಸೋಮವಾರ ನಾನು ಒಳಗೇ ಇರುತ್ತೇನೆ. ಕೂಗುವುದು ಬೇಕಿಲ್ಲ, ಹೇಳಿದರೆ ಸಾಕು.